ಚರ್ಚ್ ದೂರವಿರುವ ಊರಿನಲ್ಲಿ ಒಬ್ಬಂಟಿಯಾದವರಿಗೆ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲೂಕಿನಲ್ಲಿರುವ ಗೊರವನಹಳ್ಳಿಯ ಹೆಸರನ್ನು ಕರಾವಳಿಯಲ್ಲಿಯೂ ಅನೇಕರು ಕೇಳಿದ್ದಾರೆ. ಅಲ್ಲಿನ ಮಹಾಲಕ್ಷ್ಮಿ ದೇವಾಲಯಕ್ಕೆ, ವಿಶೇಷವಾಗಿ ಶುಕ್ರವಾರಗಳಂದು, ದೂರದೂರದಿಂದ ಭಕ್ತರು ಬರುತ್ತಾರೆ. ಆದರೆ ಇಂದು ನಾವು ನೆನೆಯಬೇಕೆಂದಿರುವುದು ಆ ಜನಸಂದಣಿಯನ್ನಲ್ಲ. ಇಂತಹ ಊರುಗಳಲ್ಲಿ, ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆಗಳಲ್ಲಿ, ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಕೆಲಸಕ್ಕೆಂದು ಹೋಗಿ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವ ನಮ್ಮ ಕಥೋಲಿಕ ಮಕ್ಕಳನ್ನು.

ಕರಾವಳಿಯಲ್ಲಿ ಬೆಳೆದವರಿಗೆ ಚರ್ಚ್ ಎಂದರೆ ನಡೆದು ಹೋಗುವಷ್ಟು ದೂರ. ಮುಂಜಾನೆ ಗಂಟೆಯ ಸದ್ದು, ಸಂಜೆ ಮನೆಯಲ್ಲಿ ತೇರ್ಸ್, ಕಾಯಿಲೆ ಬಿದ್ದರೆ ವಿಚಾರಿಸಲು ವಾಳೆಯ ಗುರಿಕಾರರು, ಸತ್ತರೆ ಹೆಗಲು ಕೊಡಲು ಇಡೀ ಧರ್ಮಕೇಂದ್ರ. ಇಷ್ಟೆಲ್ಲ ಇದ್ದಾಗ ಅದರ ಬೆಲೆ ನಮಗೆ ತಿಳಿಯುವುದಿಲ್ಲ. ಘಟ್ಟ ಹತ್ತಿ ಮಳೆ ಕಡಿಮೆಯ ಆ ಬಯಲುಸೀಮೆಗೆ ಹೋದಾಗ, ಕಡಲೆಕಾಯಿ ಹೊಲ, ಹುಣಸೆ ಮರ, ಬಂಡೆಗಲ್ಲಿನ ಬೆಟ್ಟಗಳ ನಡುವೆ, ಭಾನುವಾರ ಬಂದರೂ ಅದು ಭಾನುವಾರವೆನಿಸುವುದಿಲ್ಲ. ಆ ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು, ತುಮಕೂರು ಪಟ್ಟಣದಲ್ಲಿ ಚರ್ಚ್ ಇದೆ. ಆದರೆ ಹಳ್ಳಿಯಿಂದ ಬಸ್ಸು ಹಿಡಿದು, ಬಸ್ಸು ಬದಲಿಸಿ, ಬಲಿಪೂಜೆಯ ಹೊತ್ತಿಗೆ ಅಲ್ಲಿ ತಲುಪುವುದು ಸುಲಭವಲ್ಲ. ಮೊದಲ ತಿಂಗಳು ಹೋಗುತ್ತಾರೆ. ಎರಡನೆಯ ತಿಂಗಳು ಒಂದು ವಾರ ತಪ್ಪುತ್ತದೆ. ಆರು ತಿಂಗಳಾಗುವಾಗ, ಫೋನಿನಲ್ಲಿ ತಾಯಿ "ಪೂಜೆಗೆ ಹೋದೆಯಾ ಮಗಾ?" ಎಂದು ಕೇಳಿದರೆ "ಹೋದೆ ಅಮ್ಮ" ಎಂಬ ಸುಳ್ಳು ಬಾಯಿಗೆ ತಾನಾಗಿ ಬರುತ್ತದೆ.

ಅನೇಕರ ಒಂಟಿತನ ಅಲ್ಲಿಂದ ಆರಂಭವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಚರ್ಚ್ ಇಲ್ಲದಿರುವುದಕ್ಕಿಂತಲೂ, ಇಲ್ಲ ಎಂದು ಮನೆಯವರಿಗೆ ಹೇಳಲಾಗದಿರುವುದು ಮನುಷ್ಯನನ್ನು ಹೆಚ್ಚು ಒಬ್ಬಂಟಿಯನ್ನಾಗಿ ಮಾಡುತ್ತದೆ.

ಪವಿತ್ರ ಬೈಬಲಿನಲ್ಲಿ ಒಬ್ಬಂಟಿಗರ ಕಥೆಗಳು ಬಹಳ ಇವೆ. ಅವುಗಳಲ್ಲಿ ಪ್ರವಾದಿ ಎಲೀಯನ ಕಥೆಯನ್ನು ನಾವು ಸಾಕಷ್ಟು ಧ್ಯಾನಿಸಿಲ್ಲವೆನಿಸುತ್ತದೆ. ರಾಣಿ ಜೆಜೆಬೆಲಳ ಬೆದರಿಕೆಗೆ ಹೆದರಿ ಓಡಿದ ಎಲೀಯನು ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ತನಗೆ ಸಾವು ಬರಲಿ ಎಂದು ಬೇಡುತ್ತಾನೆ. ಆಗ ದೇವರು ಏನು ಮಾಡಿದರು? ಉಪದೇಶ ಮಾಡಲಿಲ್ಲ, ಗದರಿಸಲಿಲ್ಲ. ಅವನನ್ನು ಮಲಗಲು ಬಿಟ್ಟರು. ದೂತನು ಎಬ್ಬಿಸಿದಾಗ ಪಕ್ಕದಲ್ಲಿ ಬಿಸಿ ರೊಟ್ಟಿ ಮತ್ತು ನೀರಿತ್ತು. ತಿಂದು ಪುನಃ ಮಲಗಿದ. ಎರಡನೆಯ ಬಾರಿಯೂ ರೊಟ್ಟಿ, ನೀರು. ಅದರ ಬಲದಿಂದಲೇ ಅವನು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ. ದೇವರು ಮಾತನಾಡಿದ್ದು ಅನಂತರ. ತಾನೊಬ್ಬನೇ ಉಳಿದಿದ್ದೇನೆ ಎಂದು ಎಲೀಯನು ದೂರಿದಾಗ, ಇನ್ನೂ ಏಳು ಸಾವಿರ ಮಂದಿ ಇದ್ದಾರೆ ಎಂದು ದೇವರು ತಿಳಿಸಿದರು. ಅಷ್ಟಕ್ಕೇ ಬಿಡದೆ, ಎಲೀಷನೆಂಬ ಒಬ್ಬ ಜೊತೆಗಾರನನ್ನೂ ತೋರಿಸಿಕೊಟ್ಟರು.

ಊಟ, ನಿದ್ರೆ, ಆಮೇಲೆ ಮಾತು, ಕೊನೆಗೆ ಒಬ್ಬ ಸಂಗಾತಿ. ಕಷ್ಟದಲ್ಲಿರುವವರನ್ನು ಸಂತೈಸಲು ಹೊರಡುವ ನಾವು ಸಾಮಾನ್ಯವಾಗಿ ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಮೊದಲು ಉಪದೇಶ ಕೊಡುತ್ತೇವೆ, ಊಟವಾಯಿತೇ ಎಂದು ಕೇಳಲು ಮರೆಯುತ್ತೇವೆ.

ಇನ್ನು ಶೋಧನೆಯ ವಿಷಯ. ಯೇಸುಸ್ವಾಮಿಗೂ ಸೈತಾನನು ಶೋಧನೆಯೊಡ್ಡಿದ್ದು ಅವರು ಮರಳುಗಾಡಿನಲ್ಲಿ ಏಕಾಂಗಿಯಾಗಿ, ಹಸಿದಿದ್ದಾಗಲೇ. ಹಸಿವು, ಆಯಾಸ, ಒಂಟಿತನ ಇವು ಪಾಪಗಳಲ್ಲ. ಆದರೆ ಬಾಗಿಲಿನ ಚಿಲಕ ಸಡಿಲವಾಗುವುದು ಇವುಗಳಿಂದ. ಕೆಲಸ ಮುಗಿಸಿ ಕೋಣೆಗೆ ಬಂದು, ರಾತ್ರಿ ಏಳರಿಂದ ಹತ್ತರವರೆಗೆ ಮಾತನಾಡಲು ಯಾರೂ ಇಲ್ಲದ ಹೊತ್ತಿನಲ್ಲಿ ಕುಡಿತ ಬರುತ್ತದೆ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟ ಬರುತ್ತದೆ, ಅದಕ್ಕಾಗಿ ಆಪ್‌ಗಳಲ್ಲಿ ಮಾಡುವ ಸಾಲ ಬರುತ್ತದೆ, ನೋಡಬಾರದ ಚಿತ್ರಗಳು ಬರುತ್ತವೆ. "ನಿನ್ನನ್ನು ಇಲ್ಲಿ ಯಾರು ನೋಡುತ್ತಾರೆ?" ಎಂಬುದೇ ಅಲ್ಲಿನ ಸೈತಾನನ ಮಾತು. ಇದನ್ನು ಬರೆಯಲು ನಮಗೆ ಸಂಕೋಚವಿಲ್ಲ, ಏಕೆಂದರೆ ಬರೆಯದೆ ಬಿಟ್ಟರೆ ಬಿದ್ದವರು ತಾವು ಮಾತ್ರ ಬಿದ್ದೆವೆಂದು ತಿಳಿಯುತ್ತಾರೆ.

ಮೂರೂ ಬಾರಿ ಯೇಸುಸ್ವಾಮಿ ಕೊಟ್ಟ ಉತ್ತರಗಳು ಧರ್ಮೋಪದೇಶಕಾಂಡ ಗ್ರಂಥದಿಂದ ಬಂದವು. ಕೈಯಲ್ಲಿ ಪುಸ್ತಕವಿರಲಿಲ್ಲ. ಬಾಯಿಪಾಠವಿದ್ದ ಮಾತು ಬೇಕಾದಾಗ ಒದಗಿತು. ಚಿಕ್ಕಂದಿನಲ್ಲಿ ಅಜ್ಜಿ ಹೇಳಿಕೊಟ್ಟ ಜಪ, ಧರ್ಮೋಪದೇಶ ತರಗತಿಯಲ್ಲಿ ಬೇಸರದಿಂದ ಕಲಿತ ಪ್ರಾರ್ಥನೆ, ಹೀಗೆ ಎಂದೋ ಒಂದು ದಿನ ಕೈ ಹಿಡಿಯುತ್ತದೆ.

ಒಬ್ಬಂಟಿತನದಲ್ಲಿ ನಡೆದವರ ಉದಾಹರಣೆ ಬೇಕಿದ್ದರೆ ನಾವು ದೂರ ಹೋಗಬೇಕಾಗಿಲ್ಲ. ಮುಡಿಪು ಗುಡ್ಡೆಗೆ ಯಾತ್ರೆ ಹೋಗುವ ನಮ್ಮ ಜನರಿಗೆ ಸಂತ ಜೋಸೆಫ್ ವಾಜ್ ಪರಿಚಿತರೇ. ಗೋವಾದ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಇವರು 1681ರಿಂದ 1684ರವರೆಗೆ ನಮ್ಮ ಕೆನರಾ ಪ್ರದೇಶದಲ್ಲಿ ಸೇವೆ ಮಾಡಿದರು. ಗುರುಗಳ ಕೊರತೆಯಿಂದ ಸೊರಗಿದ್ದ ವಿಶ್ವಾಸಿಗಳನ್ನು ಹುಡುಕಿಕೊಂಡು ಊರೂರು ನಡೆದರು. ಅನಂತರ, ಲಂಕೆಯ ಕಥೋಲಿಕರು ದಶಕಗಳಿಂದ ಗುರುಗಳಿಲ್ಲದೆ ಇದ್ದಾರೆಂದು ತಿಳಿದು, ಅಲ್ಲಿಗೆ ಹೊರಟರು. ಜಾಫ್ನಾ 1658ರಲ್ಲಿ ಡಚ್ಚರ ವಶವಾದ ಮೇಲೆ ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಸೇರಿದ ಫಾದರ್ ವಾಜ್ ಅವರನ್ನು ಮೊದಲು ಎದುರುಗೊಂಡದ್ದು ಭೇದಿಯ ಕಾಯಿಲೆ. ಯಾರು ಕಥೋಲಿಕರೆಂದು ಕೇಳುವಂತಿರಲಿಲ್ಲ. ಕೊರಳಲ್ಲಿ ಜಪಸರ ಕಾಣುವಂತೆ ಹಾಕಿಕೊಂಡು ಭಿಕ್ಷುಕನಂತೆ ಮನೆಮನೆಯ ಬಾಗಿಲಿಗೆ ಹೋದರು. ಅದನ್ನು ಕಂಡು ಯಾರ ಮುಖ ಅರಳುತ್ತದೆಯೋ ಅವರು ತನ್ನವರು ಎಂಬ ಲೆಕ್ಕ.

ಹೊಸ ಗುರುಗಳು ಬಂದು ಸೇರುವವರೆಗೆ, ಸುಮಾರು ಒಂಬತ್ತು ವರ್ಷ, ಆ ದ್ವೀಪದ ಸೇವೆಯ ಭಾರ ಅವರೊಬ್ಬರ ಮೇಲೆಯೇ ಇತ್ತು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆ ಹಿಡಿದರು. ಸೆರೆಯಲ್ಲಿ ಅವರು ಸಿಂಹಳ ಭಾಷೆ ಕಲಿತರು. ಕಾಲ ಕಳೆಯಲು ಕಲಿತದ್ದಲ್ಲ, ಹೊರಗೆ ಕಾದಿರುವ ಜನರೊಡನೆ ಮಾತನಾಡಬೇಕಲ್ಲ, ಅದಕ್ಕಾಗಿ. ಒಬ್ಬಂಟಿತನವನ್ನು ಅವರು ತಮ್ಮ ದುಃಖದ ಕೋಣೆಯಾಗಿ ಮಾಡಿಕೊಳ್ಳದೆ ಮತ್ತೊಬ್ಬರಿಗಾಗಿ ಸಿದ್ಧತೆಯ ಸ್ಥಳವಾಗಿ ಮಾಡಿಕೊಂಡರು ಎಂದು ನಾವು ತಿಳಿಯಬಹುದು.

ಆದರೆ ಈ ಕಥೆಯನ್ನು ಹೇಳುವಾಗ ಎರಡು ಸಂಗತಿಗಳನ್ನು ಬಿಟ್ಟುಬಿಡುವುದುಂಟು. ಮೊದಲನೆಯದು, ಅವರೂ ಪೂರ್ತಿ ಒಂಟಿಯಾಗಿರಲಿಲ್ಲ. ಗೋವಾದಿಂದಲೇ ಜಾನ್ ಎಂಬ ಸೇವಕ ಅವರ ಜೊತೆ ಬಂದಿದ್ದ. ಊರೂರಲ್ಲಿ ಮೂಪ್ಪು, ಅಣ್ಣಾವಿ ಎಂದು ಕರೆಯಲಾಗುತ್ತಿದ್ದ ಶ್ರೀಸಾಮಾನ್ಯರು ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದರು, ಮಕ್ಕಳಿಗೆ ಧರ್ಮೋಪದೇಶ ಹೇಳುತ್ತಿದ್ದರು. ನಮ್ಮ ಗುರಿಕಾರರ ಹಾಗೆ ಎನ್ನಬಹುದು. ಎರಡನೆಯದು, ಅವರಿಗೆ ಕೊನೆಗೆ ಆಶ್ರಯ ಸಿಕ್ಕಿದ್ದು ಒಬ್ಬ ಬೌದ್ಧ ಅರಸನಿಂದ. ಬರಗಾಲದಲ್ಲಿ ಫಾದರ್ ವಾಜ್ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂಬುದು ಪರಂಪರೆಯಿಂದ ಬಂದ ಮಾತು. ಅರಸ ಎರಡನೆಯ ವಿಮಲಧರ್ಮಸೂರ್ಯ ಅವರಿಗೆ ತನ್ನ ರಾಜ್ಯದಲ್ಲಿ ಓಡಾಡಲು ಸ್ವಾತಂತ್ರ್ಯ ಕೊಟ್ಟ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿದಾಗ ಅವರು ಮತ-ಧರ್ಮ ನೋಡದೆ ರೋಗಿಗಳ ಆರೈಕೆ ಮಾಡಿ ಆ ಋಣ ತೀರಿಸಿದರು. 1711ರ ಜನವರಿ 16ರಂದು ಅಲ್ಲಿಯೇ ಮರಣ ಹೊಂದಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತ ಪದವಿಗೇರಿಸಿದರು.

ಇದು ಗೊರವನಹಳ್ಳಿಯ ಕಡೆ ಇರುವ ನಮ್ಮ ಮಕ್ಕಳಿಗೆ ಮುಖ್ಯ. ನೆರೆಮನೆಯ ಅಮ್ಮ ಹಬ್ಬದ ದಿನ ಹೋಳಿಗೆ ಕೊಟ್ಟರೆ, ಜ್ವರ ಬಂದಾಗ ಗಂಜಿ ತಂದುಕೊಟ್ಟರೆ, ಅದು ಶೋಧನೆಯಲ್ಲ, ಉಪಕಾರ. ಎಲೀಯನನ್ನೂ ಬರಗಾಲದಲ್ಲಿ ಸಾಕಿದವಳು ಸಾರೆಪ್ತದ ಪರಜನಾಂಗದ ಒಬ್ಬ ಬಡ ವಿಧವೆ. ತಾನು ಕ್ರೈಸ್ತನೆಂದು ಮುಚ್ಚಿಡುವುದೂ ಬೇಡ, ನೆರೆಯವರಿಂದ ದೂರ ನಿಲ್ಲುವುದೂ ಬೇಡ. ಎರಡರಿಂದಲೂ ಒಂಟಿತನ ಹೆಚ್ಚುವುದೇ ಹೊರತು ವಿಶ್ವಾಸ ಬೆಳೆಯುವುದಿಲ್ಲ.

ನಮ್ಮ ಹಿರಿಯರ ಸೆರೆವಾಸವನ್ನೂ ಇಲ್ಲಿ ನೆನೆಯಬೇಕು. 1784ರಲ್ಲಿ ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸಂಖ್ಯೆಯ ಬಗ್ಗೆ ಇತಿಹಾಸಕಾರರ ಲೆಕ್ಕಗಳು ಬೇರೆ ಬೇರೆ, ಆದರೆ ಹತ್ತಾರು ಸಾವಿರ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ದಾರಿಯಲ್ಲಿ ಸತ್ತವರು, ಅಲ್ಲಿ ಸತ್ತವರು, ವಿಶ್ವಾಸವನ್ನು ಬಿಡಬೇಕಾಗಿ ಬಂದವರು, ಎಲ್ಲರೂ ನಮ್ಮವರೇ. 1799ರಲ್ಲಿ ಬಿಡುಗಡೆಯಾಗುವವರೆಗೆ ಹದಿನೈದು ವರ್ಷ ಅವರಿಗೆ ಚರ್ಚಿನ ಗಂಟೆ ಕೇಳಲಿಲ್ಲ. ಹಿಂದಿರುಗಿದವರು ಮತ್ತೆ ಚರ್ಚುಗಳನ್ನು ಕಟ್ಟಿದರು. ಗುರುಗಳಿಲ್ಲದ ಅಷ್ಟು ವರ್ಷ ವಿಶ್ವಾಸ ಉಳಿದದ್ದು ಮನೆಯೊಳಗಿನ ಜಪದಿಂದ, ತಾಯಂದಿರ ಬಾಯಿಂದ ಎಂದೇ ನಾವು ನಂಬುತ್ತೇವೆ. ಆ ಕಾಲದ ದ್ವೇಷವನ್ನು ಇಂದು ಯಾರ ಮೇಲೂ ಹೊರಿಸಲು ಇದನ್ನು ನೆನೆಯುವುದಲ್ಲ. ಹಾಗೆಯೇ "ಹಿರಿಯರು ಅಷ್ಟು ಕಷ್ಟಪಟ್ಟರು, ನಿನ್ನದೇನು ಮಹಾ?" ಎಂದು ಒಬ್ಬ ನೊಂದ ಯುವತಿಗೆ ಹೇಳಲೂ ಅಲ್ಲ. ಹಾಗೆ ಹೇಳುವವರನ್ನು ಕಂಡಿದ್ದೇವೆ. ಅದರಿಂದ ಯಾರಿಗೂ ಸಮಾಧಾನವಾದದ್ದನ್ನು ಕಂಡಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಧರ್ಮಸಭೆ ಇದನ್ನು ಯೋಚಿಸಿಲ್ಲವೆಂದಲ್ಲ. 1983ರ ಧರ್ಮಸಭೆಯ ನಿಯಮಸಂಹಿತೆಯಲ್ಲಿ, 1248ನೆಯ ನಿಯಮದ ಎರಡನೆಯ ಭಾಗ ಇದನ್ನೇ ಹೇಳುತ್ತದೆ. ಗುರುಗಳಿಲ್ಲದ ಕಾರಣ ಅಥವಾ ಬೇರೆ ಗಂಭೀರ ಕಾರಣದಿಂದ ಭಾನುವಾರದ ಬಲಿಪೂಜೆಯಲ್ಲಿ ಭಾಗವಹಿಸಲು ಸಾಧ್ಯವಾಗದಿದ್ದರೆ, ಎಲ್ಲಾದರೂ ದೇವರ ವಾಕ್ಯದ ಆರಾಧನೆ ನಡೆಯುತ್ತಿದ್ದರೆ ಅದರಲ್ಲಿ ಸೇರಬೇಕು. ಇಲ್ಲವೇ ಒಬ್ಬರೇ, ಕುಟುಂಬವಾಗಿ, ಅಥವಾ ಕೆಲವು ಕುಟುಂಬಗಳು ಕೂಡಿ ತಕ್ಕಷ್ಟು ಸಮಯ ಪ್ರಾರ್ಥನೆಯಲ್ಲಿ ಕಳೆಯಬೇಕೆಂಬುದು ಅದರ ಸಲಹೆ. ಆದ್ದರಿಂದ ಬಸ್ಸು ಸಿಗದ ಭಾನುವಾರ ನಾಚಿಕೆಪಟ್ಟು ಸುಳ್ಳು ಹೇಳುವ ಅಗತ್ಯವಿಲ್ಲ. ಆ ದಿನದ ವಾಚನಗಳನ್ನು ಓದಿ, ಮನಸ್ಸಿನಲ್ಲಿ ಪರಮಪ್ರಸಾದವನ್ನು ಬಯಸಿ ಸ್ವೀಕರಿಸಿ, ತಾಯಿಗೆ ಫೋನು ಮಾಡಿ ಇದ್ದದ್ದನ್ನು ಹೇಳಬಹುದು. ಟಿವಿಯಲ್ಲಿ ಪೂಜೆ ನೋಡುವುದು ಒಳ್ಳೆಯದೇ, ಆದರೆ ಹೋಗಲು ಸಾಧ್ಯವಿದ್ದಾಗ ಅದು ಬದಲಿಯಾಗದು. ತಿಂಗಳಿಗೊಮ್ಮೆಯಾದರೂ ತುಮಕೂರಿಗೆ ಹೋಗಿ, ಪಾಪನಿವೇದನೆ ಮಾಡಿ, ಅಲ್ಲಿನ ಗುರುಗಳಿಗೆ ತನ್ನ ಹೆಸರು, ಊರು ತಿಳಿಸಿ ಬರಬೇಕು. ಆ ಕಡೆ ಇನ್ನೂ ಯಾರು ನಮ್ಮವರಿದ್ದಾರೆಂದು ಗೊತ್ತಿರುವುದು ಅವರಿಗೇ.

ರಾತ್ರಿಯ ಆ ಮೂರು ಗಂಟೆಗಳಿಗೂ ಒಂದು ಉಪಾಯ ಬೇಕು. ಮನೆಯಲ್ಲಿ ತೇರ್ಸ್ ನಡೆಯುವ ಹೊತ್ತಿಗೆ ಫೋನಿನಲ್ಲಿ ಸೇರಿಕೊಳ್ಳುವುದು ಇಂದು ಸುಲಭ. ಒಂದು ದಶಕ ಜಪ ಮಾಡುವಷ್ಟರಲ್ಲಿ ಶೋಧನೆಯ ಮೊದಲ ಅಲೆ ದಾಟಿರುತ್ತದೆ. ಬಿದ್ದಿದ್ದರೆ, ಸಾಲವಾಗಿದ್ದರೆ, ಕುಡಿತ ಹತ್ತಿದ್ದರೆ, ಒಬ್ಬರಿಗಾದರೂ ಹೇಳಬೇಕು. ಮನಸ್ಸು ತೀರಾ ಕುಗ್ಗಿ ಬದುಕೇ ಬೇಡವೆನಿಸಿದರೆ ಅದು ವಿಶ್ವಾಸದ ಕೊರತೆಯಲ್ಲ. ಎಲೀಯನಿಗೂ ಹಾಗನಿಸಿತ್ತು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರ ಬಳಿ ಹೋಗುವುದೂ ದೂತನು ತಂದ ರೊಟ್ಟಿಯನ್ನು ತಿಂದಂತೆಯೇ.

ಆದರೆ ಒಬ್ಬಂಟಿಯಾದವರ ಮೇಲೆಯೇ ಎಲ್ಲ ಕೆಲಸ ಹೊರಿಸಿ ನಾವು ಸುಮ್ಮನಿರಬಾರದು. ಫಾದರ್ ವಾಜ್ ಅವರಿಗಾಗಿ ಲಂಕೆಯ ಜನರು ಗೋವಾಕ್ಕೆ ಬರಲಿಲ್ಲ, ಇವರೇ ಹೋದರು. ನಮ್ಮ ಧರ್ಮಕೇಂದ್ರಗಳಲ್ಲಿ ದುಬಾಯಿ, ಕುವೈಟಿಗೆ ಹೋದವರ ಲೆಕ್ಕ ಚೆನ್ನಾಗಿರುತ್ತದೆ. ಚರ್ಚಿನ ಹಬ್ಬಕ್ಕೆ ದಾನ ಬರುವುದು ಅಲ್ಲಿಂದ ತಾನೇ! ಪಾವಗಡದ ಸೋಲಾರ್ ಪಾರ್ಕಿಗೋ ಮಧುಗಿರಿಯ ಶಾಲೆಗೋ ಹೋದವರ ಪಟ್ಟಿ ಎಷ್ಟು ಚರ್ಚುಗಳಲ್ಲಿದೆ? ವಾಳೆಯ ಗುರಿಕಾರರು ಮನೆಭೇಟಿಗೆ ಹೋದಾಗ, ರಾಜ್ಯದೊಳಗೇ ದೂರದ ಊರಿನಲ್ಲಿ ಒಬ್ಬರೇ ಇರುವವರ ಹೆಸರು, ಊರು, ಫೋನ್ ನಂಬರು ಬರೆದುಕೊಂಡು ಬರಲಿ. ವಿಗಾರರು ಅಲ್ಲಿನ ಗುರುಗಳಿಗೆ ಒಂದು ಪತ್ರ ಬರೆದು ಪರಿಚಯ ಮಾಡಿಕೊಡಲಿ. ಯುವಜನರು ವರ್ಷಕ್ಕೊಮ್ಮೆ ಹೊರಡುವ ಪ್ರವಾಸವನ್ನು ಒಮ್ಮೆ ಆ ಕಡೆ ಇಟ್ಟುಕೊಂಡು, ಮಧುಗಿರಿ ಬೆಟ್ಟ ನೋಡಿ, ಅಲ್ಲಿರುವ ತಮ್ಮ ಊರಿನ ಗೆಳೆಯನ ಕೋಣೆಯಲ್ಲಿ ಒಂದು ಹೊತ್ತು ಕುಳಿತು ಬರಲಿ. ಬರಿಗೈಯಲ್ಲಿ ಹೋಗುವುದು ಬೇಡ. ಅಮ್ಮನ ಕೈಯ ಉಪ್ಪಿನಕಾಯಿ, ಒಣಮೀನು, ಕುಸ್ವಾರ್ ಏನಾದರೂ ಕಟ್ಟಿಕೊಂಡು ಹೋಗಲಿ. ಸಂತ ಜೋಸೆಫ್ ವಾಜ್ ಅವರ ಹಬ್ಬ ಜನವರಿ 16ಕ್ಕೆ. ಕ್ರಿಸ್ಮಸ್ ರಜೆಗೆ ಬಂದವರು ಹಿಂದಿರುಗಿ ಮತ್ತೆ ಕೋಣೆಯ ಬೀಗ ತೆಗೆಯುವುದೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ. ಅವರಿಗೊಂದು ಫೋನು ಮಾಡಲು ಆ ದಿನ ಅನುಕೂಲವಾದದ್ದು.