ದೀರ್ಘಾವಧಿ ಕಾರು ಪಂದ್ಯಗಳ ಛಾಯಾಗ್ರಹಣ: ಚಿತ್ರದ ಹಕ್ಕು ಯಾರದು?

ಕ್ರೀಡೆಯು ಇಂದು ದೊಡ್ಡ ವಾಣಿಜ್ಯ ವ್ಯವಹಾರವೂ ಹೌದು. ಅದರಲ್ಲಿ ಛಾಯಾಗ್ರಹಣದ ಪಾಲು ಗಣನೀಯವಾದುದು. ಹಲವು ಗಂಟೆಗಳ ಕಾಲ ಸಾಗುವ ಕಾರು ಪಂದ್ಯಗಳ ಒಂದು ಇಡೀ ಋತುವನ್ನು ಚಿತ್ರೀಕರಿಸುವ ವೃತ್ತಿಯನ್ನು ಪರಿಶೀಲಿಸಿದರೆ, ಜಾಹೀರಾತಿಗಾಗಿ ಚಿತ್ರಕ್ಕೆ ಹಣ ಕೊಡುವ ವರ್ತಕ ಬಾಂಧವರು ಅರಿತಿರಬೇಕಾದ ಕಾನೂನು ಸ್ಪಷ್ಟವಾಗುತ್ತದೆ.

ಪಂದ್ಯದ ಸ್ವರೂಪ

ಈ ಪಂದ್ಯಗಳಲ್ಲಿ ಪ್ರಸಿದ್ಧವಾದುದು 1923ರಲ್ಲಿ ಆರಂಭವಾದ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಸ್ಪರ್ಧೆ. ಒಂದೇ ಕಾರನ್ನು ಸಾಮಾನ್ಯವಾಗಿ ಮೂವರು ಸರದಿಯಂತೆ ಓಡಿಸುತ್ತಾರೆ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಇದರಲ್ಲಿ ಭಾಗವಹಿಸಿದರು. 2021ರ ಏಷ್ಯನ್ ಲೆ ಮಾನ್ಸ್ ಸರಣಿಯಲ್ಲಿ ಅವರು ನರೇನ್ ಕಾರ್ತಿಕೇಯನ್ ಮತ್ತು ನವೀನ್ ರಾವ್ ಅವರೊಡನೆ 'ರೇಸಿಂಗ್ ಟೀಮ್ ಇಂಡಿಯಾ' ಹೆಸರಿನಲ್ಲಿ ಓಡಿದರು. ದುಬೈ ಮತ್ತು ಅಬುಧಾಬಿಗಳಲ್ಲಿ ತಲಾ 4 ಗಂಟೆಗಳ ನಾಲ್ಕು ಪಂದ್ಯಗಳು ನಡೆದವು. ವಿಶ್ವ ಮಟ್ಟದ ಸರಣಿಯಲ್ಲಿ 2024ರಲ್ಲಿ ಕತಾರಿನಿಂದ ಬಹರೇನಿನವರೆಗೆ ಎಂಟು ಸುತ್ತುಗಳಿದ್ದವು.

ಇಂಥ ಋತುವಿನ ಬೆನ್ನು ಹತ್ತುವ ಛಾಯಾಗ್ರಾಹಕನಿಗೆ ಪ್ರಯಾಣ, ವಸತಿ, ಉಪಕರಣಗಳ ವೆಚ್ಚ ಮೊದಲೇ ಬರುತ್ತದೆ. ಆದಾಯ ನಂತರ ಬರುತ್ತದೆ. ಒಂದೇ ಚಿತ್ರವನ್ನು ಪತ್ರಿಕೆಗೆ, ತಂಡಕ್ಕೆ, ಪ್ರಾಯೋಜಕರಿಗೆ ಬೇರೆ ಬೇರೆಯಾಗಿ ಕೊಡಬಹುದು. ಆದ್ದರಿಂದ ಅವನು ಮಾರುವುದು ಕಾಗದವನ್ನಲ್ಲ, ಬಳಕೆಯ ಹಕ್ಕನ್ನು.

ಕಾನೂನಿನ ನಿಲುವು

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯ ಮುಖ್ಯ ಅಂಶಗಳು ಹೀಗಿವೆ:

1. ಹಣ ಕೊಟ್ಟು, ತಾವೇ ಹೇಳಿ ತೆಗೆಸಿದ ಛಾಯಾಚಿತ್ರದ ಪ್ರಥಮ ಸ್ವಾಮ್ಯ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು (ಕಲಂ 17).

2. ಛಾಯಾಗ್ರಾಹಕನು ಸ್ವಂತ ಹೊಣೆಯಲ್ಲಿ ತೆಗೆದ ಚಿತ್ರದ ಸ್ವಾಮ್ಯ ಅವನದೇ. ಅದರ ಪ್ರತಿಯನ್ನು ಕೊಂಡ ಮಾತ್ರಕ್ಕೆ ಹಕ್ಕು ಬರುವುದಿಲ್ಲ.

3. ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ (ಕಲಂ 19).

4. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಇಲ್ಲದ ಹೊರತು, ಅದು ರದ್ದಾದಂತೆ.

ಮೂರನೆಯ ಅಂಶವನ್ನು ಗಮನಿಸಿರಿ. ಜೋರಾಪುರ ಪೇಟೆಯ ಒಬ್ಬ ವರ್ತಕರು ತಿಕೋಟಾ ಭಾಗದ ಒಣದ್ರಾಕ್ಷಿಯ ಪೊಟ್ಟಣದ ಮೇಲೆ ರೇಸ್ ಕಾರಿನ ಸಿದ್ಧ ಚಿತ್ರವೊಂದನ್ನು ಹಕ್ಕು ಪಡೆದು ಮುದ್ರಿಸುತ್ತಾರೆಂದು ಭಾವಿಸೋಣ. ಕರಾರಿನಲ್ಲಿ ಪ್ರದೇಶದ ಮಾತಿಲ್ಲದಿದ್ದರೆ, ಆ ಪೊಟ್ಟಣ ದುಬೈಗೆ ರಫ್ತಾದಾಗ ಅಲ್ಲಿ ಆ ಚಿತ್ರ ಬಳಸುವ ಹಕ್ಕು ಅವರಿಗಿರುವುದಿಲ್ಲ. ಆರನೆಯ ವರ್ಷದಲ್ಲಿ ಭಾರತದಲ್ಲಿಯೂ ಇರುವುದಿಲ್ಲ. ಅಚ್ಚಾದ ಪೊಟ್ಟಣಗಳೆಲ್ಲ ನಷ್ಟದ ಬಾಬ್ತು.

ಇನ್ನೊಂದು ತೊಡಕುಂಟು. ಕಾರಿನ ಮೇಲೆ ಅನ್ಯ ಕಂಪನಿಗಳ ವ್ಯಾಪಾರ ಚಿಹ್ನೆಗಳಿರುತ್ತವೆ, ಚಾಲಕನ ಮುಖವಿರುತ್ತದೆ. ಸಂಘಟಕರು ಮಾಧ್ಯಮ ಪಾಸನ್ನು ಸಾಮಾನ್ಯವಾಗಿ ಸುದ್ದಿಯ ಬಳಕೆಗಷ್ಟೇ ಕೊಡುತ್ತಾರೆ. ಜಾಹೀರಾತಿಗೆ ಇವರೆಲ್ಲರ ಪ್ರತ್ಯೇಕ ಒಪ್ಪಿಗೆ ಅವಶ್ಯ.

ಸುಂಕ ಮತ್ತು ತೆರಿಗೆ

ಬೆಲೆಬಾಳುವ ಕ್ಯಾಮೆರಾಗಳನ್ನು ದೇಶದಿಂದ ದೇಶಕ್ಕೆ ಒಯ್ಯುವಾಗ ಸುಂಕದ ಪ್ರಶ್ನೆ ಏಳುತ್ತದೆ. ಇದಕ್ಕೆ 'ಎಟಿಎ ಕಾರ್ನೆ' ಎಂಬ ದಾಖಲೆಯಿದೆ. ಭಾರತದಲ್ಲಿ ಇದನ್ನು ಫಿಕ್ಕಿ ನೀಡುತ್ತದೆ. ಗರಿಷ್ಠ ಅವಧಿ ಒಂದು ವರ್ಷ. ವಸ್ತುಪ್ರದರ್ಶನಕ್ಕೆ ಮಾದರಿ ಸರಕು ಒಯ್ಯುವ ನಮ್ಮ ಉತ್ಪಾದಕರಿಗೂ ಇದು ಉಪಯುಕ್ತ. ಆದರೆ ಒಯ್ದದ್ದನ್ನು ಮರಳಿ ತರಲೇಬೇಕು. ಯಾವ ದೇಶ ಯಾವ ಉದ್ದೇಶಕ್ಕೆ ಇದನ್ನು ಮಾನ್ಯ ಮಾಡುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಛಾಯಾಗ್ರಹಣ ಸೇವೆಗೆ ಶೇ. 18 ಜಿಎಸ್‌ಟಿ ಅನ್ವಯಿಸುತ್ತದೆ. ನೋಂದಾಯಿತ ಛಾಯಾಗ್ರಾಹಕರಿಂದ ಸರಿಯಾದ ತೆರಿಗೆ ಬಿಲ್ಲು ಪಡೆದು, ತೆರಿಗೆಗೊಳಪಡುವ ವ್ಯಾಪಾರಕ್ಕೆ ಆ ಚಿತ್ರ ಬಳಸಿದರೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ (ಕಾಂಪೊಸಿಷನ್) ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ಕರಾರಿನಲ್ಲಿ ಇರಬೇಕಾದವು

ಯಾವ ಚಿತ್ರಗಳು, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ, ಎಷ್ಟು ಹಣಕ್ಕೆ, ಇತರರಿಗೂ ಕೊಡಬಹುದೇ, ವ್ಯಾಜ್ಯ ಬಂದರೆ ಯಾವ ನ್ಯಾಯಾಲಯ: ಈ ಏಳು ಅಂಶಗಳು ಒಂದು ಪುಟದಲ್ಲಿ ಅಡಕವಾಗುತ್ತವೆ. ಇದು ರೇಸ್ ಕಾರಿಗೆ ಮಾತ್ರವಲ್ಲ, ಅಂಗಡಿಯ ಕ್ಯಾಲೆಂಡರಿಗೂ ಅನ್ವಯಿಸುವ ನಿಯಮ. ಮುದ್ರಣಾಲಯಕ್ಕೆ ಆದೇಶ ಕೊಡುವ ಮುನ್ನವೇ ಈ ಪುಟಕ್ಕೆ ಉಭಯತರ ಸಹಿ ಆಗಿರಬೇಕು.