ರಾತ್ರಿ ಕಲಸಿಟ್ಟು ಬೆಳಗ್ಗೆ ಉಣ್ಣುವ ರಸಾಯನ

ಪಣಂಬೂರಿನ ನವ ಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರಾದಂದಿನಿಂದ ಆ ಸುತ್ತಿನ ಅನೇಕ ಮನೆಗಳ ದಿನಚರಿಯೇ ಬದಲಾಗಿದೆ. ಹಡಗಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಬೆಳಗಿನ ಪಾಳಿಗೆ ಹೋಗುವವರು ಕತ್ತಲಿರುವಾಗಲೇ ಹೊರಡಬೇಕು. ಅವರಿಗೆ ನೀರುದೋಸೆ ಬೇಕೆಂದರೆ ಮನೆಯಲ್ಲಿ ಯಾರಾದರೂ ಇನ್ನೂ ಒಂದು ಗಂಟೆ ಮೊದಲೇ ಏಳಬೇಕು. ಇಲ್ಲವಾದರೆ ಬರಿಯ ಚಹಾ ಕುಡಿದು ಹೋಗಬೇಕು. ಈ ಎರಡು ಕಷ್ಟಗಳನ್ನೂ ತಪ್ಪಿಸುವ ಒಂದು ಉಪಾಯವುಂಟು. ಅದೇ ಚಿಯಾ ಬೀಜದ ಹಣ್ಣಿನ ರಸಾಯನ.

ಚಿಯಾ ನಮ್ಮ ತುಳಸಿಯ ಬಳಗದ ಗಿಡ. ತವರು ಮೆಕ್ಸಿಕೋ, ಗ್ವಾಟೆಮಾಲಾ ದೇಶಗಳು. 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಈಚಿನ ವರ್ಷಗಳಲ್ಲಿ ಇದರ ಬೇಸಾಯವನ್ನು ನಮ್ಮ ರೈತರಿಗೆ ಪರಿಚಯಿಸಿತು. ಫಾಲೂದಕ್ಕೆ ಹಾಕುವ ಕಾಮಕಸ್ತೂರಿ ಬೀಜವೇ ಇದೆಂದು ತಿಳಿಯಬಾರದು. ಕಾಮಕಸ್ತೂರಿ ಕಡು ಕಪ್ಪು, ನಿಮಿಷಗಳಲ್ಲಿ ಉಬ್ಬುತ್ತದೆ; ಚಿಯಾ ಬೂದು ಬಣ್ಣದ್ದು, ಮೈಮೇಲೆ ಮಚ್ಚೆಗಳಿರುತ್ತವೆ, ನಿಧಾನವಾಗಿ ನೆನೆಯುತ್ತದೆ.

ಬೀಜದ ಸಿಪ್ಪೆಯಲ್ಲಿರುವ ಲೋಳೆಯ ಅಂಶವು ತನ್ನ ತೂಕದ ಸುಮಾರು ಹತ್ತು ಪಾಲು ನೀರನ್ನು ಹೀರಿಕೊಳ್ಳುತ್ತದೆ. ಒಲೆಯಿಲ್ಲದೆಯೇ ಹಾಲು ಗಟ್ಟಿಯಾಗುವುದು ಇದರಿಂದಲೇ. ನೂರು ಗ್ರಾಂ ಬೀಜದಲ್ಲಿ ಸುಮಾರು 34 ಗ್ರಾಂ ನಾರು, 17 ಗ್ರಾಂ ಸಸಾರಜನಕ, 630 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತವೆ.

ಒಬ್ಬರಿಗೆ ಎರಡು ದೊಡ್ಡ ಚಮಚ ಬೀಜ, ಅಂದರೆ ಸುಮಾರು 25 ಗ್ರಾಂ ಸಾಕು. ಇದಕ್ಕೆ 150 ಮಿಲಿಲೀಟರ್ ಕಾಯಿಹಾಲು ಅಥವಾ ಕಾಯಿಸಿ ಆರಿಸಿದ ಹಸುವಿನ ಹಾಲು, ಕರಗಿಸಿ ಸೋಸಿದ ಬೆಲ್ಲ, ಚಿಟಿಕೆ ಏಲಕ್ಕಿ ಪುಡಿ ಸೇರಿಸಿ ಚೆನ್ನಾಗಿ ಕಲಕಿರಿ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಕಿರಿ. ಈ ಎರಡನೆಯ ಸಲವನ್ನು ಮರೆತರೆ ಬೀಜಗಳು ತಳದಲ್ಲಿ ಗಂಟು ಕಟ್ಟುತ್ತವೆ. ಬಳಿಕ ಮುಚ್ಚಿ ಫ್ರಿಜ್ಜಿನಲ್ಲಿಡಿ.

ಹಣ್ಣನ್ನು ಬೆಳಗ್ಗೆಯೇ ಹೆಚ್ಚಿ ಹಾಕಬೇಕು. ಬಾಳೆಹಣ್ಣು ರಾತ್ರಿಯೇ ಹೆಚ್ಚಿದರೆ ಕಪ್ಪಾಗುತ್ತದೆ. ಹಸಿ ಅನಾನಸು ಹಸುವಿನ ಹಾಲಿನಲ್ಲಿ ಹೊತ್ತು ಕಳೆದರೆ ಅದರ ಕಿಣ್ವ ಹಾಲನ್ನು ಕಹಿ ಮಾಡುತ್ತದೆ. ಮಾವು, ಹಲಸಿನ ಕಾಲದಲ್ಲಿ ಅವುಗಳಿಗಿಂತ ಬೇರೆ ಬೇಕೆ? ಬಾಳೆಹಣ್ಣು, ಕಾಯಿಹಾಲು, ಬೆಲ್ಲ ಕೂಡಿದ ರಸಾಯನವನ್ನು ಒತ್ತು ಶ್ಯಾವಿಗೆಯೊಡನೆ ಉಂಡು ಬೆಳೆದ ನಮ್ಮ ಕರಾವಳಿಯವರಿಗೆ ಈ ರುಚಿ ಹೊಸತೇನಲ್ಲ.

ಎರಡು ಎಚ್ಚರಿಕೆಗಳು. ಮೊದಲನೆಯದು, ಒಣ ಬೀಜವನ್ನು ಎಂದೂ ಹಾಗೆಯೇ ನುಂಗಬಾರದು. ಅಮೆರಿಕದಲ್ಲಿ ಒಬ್ಬರು ಒಂದು ಚಮಚ ಒಣ ಬೀಜ ನುಂಗಿ ನೀರು ಕುಡಿದಾಗ ಅದು ಅನ್ನನಾಳದಲ್ಲೇ ಉಬ್ಬಿ ಸಿಕ್ಕಿಕೊಂಡು, ವೈದ್ಯರೇ ತೆಗೆಯಬೇಕಾಯಿತೆಂದು 2014ರಲ್ಲಿ ವರದಿಯಾಯಿತು. ನುಂಗಲು ತೊಂದರೆಯಿರುವ ವೃದ್ಧರೂ, ಚಿಕ್ಕ ಮಕ್ಕಳೂ ಇರುವ ಮನೆಯಲ್ಲಿ ಇದನ್ನು ಮರೆಯಲಾಗದು. ಎರಡನೆಯದು, ನಮ್ಮ ಸೆಕೆಗೆ ಕಾಯಿಹಾಲು ಬೇಗ ಹಳಸುತ್ತದೆ. ರಾತ್ರಿ ಬಹಳ ಹೊತ್ತು ವಿದ್ಯುತ್ ಹೋಗಿದ್ದರೆ ಉಳಿಸುವ ಆಸೆ ಬೇಡ, ಚೆಲ್ಲಿಬಿಡಿ. ಮರುದಿನಕ್ಕಷ್ಟೇ ಮಾಡಿಟ್ಟರೆ ಕ್ಷೇಮ.

ನಾರು ಹೆಚ್ಚಿರುವುದರಿಂದ ಮೊದಲ ವಾರ ಒಂದೇ ಚಮಚ ಬೀಜದಿಂದ ಆರಂಭಿಸಿ, ನೀರನ್ನು ಚೆನ್ನಾಗಿ ಕುಡಿಯುವುದು ಒಳ್ಳೆಯದು. ರಾತ್ರಿಯ ಊಟದ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಕಲಸಿಟ್ಟರಾಯಿತು. ಪಾಳಿಗೆ ಹೋಗುವವರು ಬೆಳಗ್ಗೆ ತಾವೇ ಹಣ್ಣು ಹೆಚ್ಚಿಕೊಂಡು ಉಣ್ಣಬಹುದು. ಮನೆಯ ಉಳಿದವರು ಇನ್ನೊಂದು ಗಂಟೆ ನೆಮ್ಮದಿಯಾಗಿ ಮಲಗಬಹುದು.