ಕಿರುದೋಣಿಯಲ್ಲಿ ರೇಣುಕಾಸಾಗರ

ರೋಣ, ನರಗುಂದ, ಗಜೇಂದ್ರಗಡಗಳೆಂದೊಡನೆ ಕಣ್ಣಿಗೆ ಕಟ್ಟುವುದು ಎರೆಭೂಮಿ, ಬಿಳಿಜೋಳದ ಹೊಲ, ಬಿರುಬಿಸಿಲು. ಗಜೇಂದ್ರಗಡದ ಬಳಿಯ ಕಾಲಕಾಲೇಶ್ವರದಲ್ಲಿ ಬಂಡೆಯಿಂದ ಜಿನುಗುವ ನೀರನ್ನೇ ಜನ ಅಂತರಗಂಗೆಯೆಂದು ಪೂಜಿಸುತ್ತಾರೆ. ಇಂಥ ಸೀಮೆಯಲ್ಲಿ ಜಲವಿಹಾರವೆಲ್ಲಿಯದು ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ನರಗುಂದದಿಂದ ಪಶ್ಚಿಮಕ್ಕೆ ಸವದತ್ತಿಯತ್ತ ಸಾಗಿದರೆ, ನವಿಲುತೀರ್ಥದ ಕಣಿವೆಯಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೂ ಅದರ ಹಿಂದೆ ಹರಡಿದ ರೇಣುಕಾಸಾಗರವೂ ಎದುರಾಗುತ್ತವೆ. ತುಂಬಿದಾಗ ಅದರಲ್ಲಿ ನಿಲ್ಲುವ ನೀರು ೩೭.೭೩ ಟಿ.ಎಂ.ಸಿ.; ಎಂದರೆ ೩,೭೭೩ ಕೋಟಿ ಘನ ಅಡಿ!

ನಾಲ್ವರು ಗೆಳೆಯರು ಕೂಡಿ, ಕಯಾಕ್ ದೋಣಿಗಳಲ್ಲಿ ಡೇರೆ, ಬುತ್ತಿಗಳನ್ನಿಟ್ಟುಕೊಂಡು, ಇಂಥ ನೀರಿನ ದಂಡೆಯಲ್ಲಿ ಒಂದಿರುಳು ಕಳೆಯುವುದು ಅಪೂರ್ವವಾದ ಅನುಭವವೇ ಸರಿ. ಕಯಾಕ್ ಮೂಲತಃ ಉತ್ತರಧ್ರುವ ಪ್ರದೇಶದ ಇನುಯಿಟ್ ಜನರ ಬೇಟೆಯ ದೋಣಿ. ಮರ ಅಥವಾ ತಿಮಿಂಗಿಲದ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ತೊಗಲನ್ನು ಬಿಗಿದು ಅವರು ಅದನ್ನು ಮಾಡುತ್ತಿದ್ದರು. ನಮ್ಮ ಹರಿಗೋಲು ಇದರ ದೂರದ ಬಂಧುವೆನ್ನಬಹುದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್, ಆನೆಗೊಂದಿಗೆ ದಾಟಿಸುವ ಬುಟ್ಟಿಯಾಕಾರದ ತೊಗಲುದೋಣಿಗಳನ್ನು ಕಂಡು, ಅವು ಸದಾ ಸುತ್ತುತ್ತಲೇ ಸಾಗುವುವೆಂದು ಬರೆದಿಟ್ಟಿದ್ದಾನೆ. ದುಂಡಗಿನ ಹರಿಗೋಲು ತಿರುಗುತ್ತದೆ. ನೀಳವಾದ ಕಯಾಕ್ ನೀರನ್ನು ಸೀಳಿ ನೇರವಾಗಿ ಹೋಗುತ್ತದೆ. ಅದರಲ್ಲಿ ಕಾಲು ಚಾಚಿ ಕುಳಿತು, ಎರಡೂ ತುದಿಗೆ ಅಲಗುಳ್ಳ ಹುಟ್ಟನ್ನು ಎಡಬಲಕ್ಕೆ ಹಾಕುವವನಿಗೆ ನೀರು ಕೈಯಳತೆಯಲ್ಲೇ ಇರುತ್ತದೆ.

ಆದರೆ ಜಲಾಶಯವು ಊರಮುಂದಿನ ಕೆರೆಯಲ್ಲ. ಅಧಿಕಾರಿಗಳ ಅನುಮತಿಯಿಲ್ಲದೆ ಅದರೊಳಗೆ ಇಳಿಯಲಾಗದು. ತೂಬು, ಬಾಗಿಲುಗಳ ಸನಿಹಕ್ಕೆ ಸುಳಿಯಬಾರದು. ಈಜು ಬಲ್ಲವನೂ ತೇಲುಕವಚ ತೊಡಲೇಬೇಕು. ಬಯಲುನೀರಿನಲ್ಲಿ ಗಾಳಿಯೆದ್ದರೆ ಅಲೆಗಳೇಳಲು ತಡವಿಲ್ಲ. ಆದುದರಿಂದ ಬೆಳಗಿನ ಹೊತ್ತಿನಲ್ಲಿ, ದಂಡೆಯ ಮಗ್ಗುಲಲ್ಲೇ ಸಾಗುವುದು ಲೇಸು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಹುಟ್ಟು ಹಾಕುವವನ ವೇಗವೇ ಎಲ್ಲರ ವೇಗವಾಗಬೇಕು. ಡೇರೆಯನ್ನು ನೀರಿನಂಚಿನ ಕೆಸರಿನಲ್ಲಲ್ಲ, ಏರಿದ ಗಟ್ಟಿನೆಲದಲ್ಲಿ ಹೂಡಬೇಕು. ಮಳೆಗಾಲದಲ್ಲಿ ಈ ಸಾಹಸವೇ ಸಲ್ಲದು. ೨೦೧೯ರ ಆಗಸ್ಟಿನಲ್ಲಿ ಇದೇ ಮಲಪ್ರಭೆ ಉಕ್ಕಿ, ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿದ್ದಳು.

ಇರುಳು ಡೇರೆಯ ಮುಂದೆ ರೊಟ್ಟಿ, ಶೇಂಗಾ ಚಟ್ನಿ ಮೆಲ್ಲುವ ಗೆಳೆಯರಿಗೆ ಎದುರಿನ ನೀರು ಬರಿಯ ನೋಟವಾಗಿ ಕಂಡೀತು. ಆದರೆ ಅದಕ್ಕೆ ಕಾದು ಕುಳಿತವರು ಎಷ್ಟು ಮಂದಿ! ಕಾಲುವೆಯ ನೀರು ಸರಿಯಾಗಿ ಬಾರದಿದ್ದರೂ ಕರ ತೆರಬೇಕಾಯಿತೆಂದು ನರಗುಂದ, ನವಲಗುಂದಗಳ ರೈತರು ಸಿಡಿದೆದ್ದು, ೧೯೮೦ರ ಜುಲೈ ೨೧ರಂದು ಗೋಲಿಬಾರಿಗೆ ಪ್ರಾಣ ತೆತ್ತರು. ಮಲಪ್ರಭೆಗೆ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ತಿರುಗಿಸಬೇಕೆಂದು ೨೦೧೫ರಲ್ಲಿ ನರಗುಂದದಲ್ಲಿ ಮತ್ತೆ ಧರಣಿ ಆರಂಭವಾಯಿತು. ೨೦೧೮ರಲ್ಲಿ ಮಹದಾಯಿ ನ್ಯಾಯಮಂಡಳಿಯು ಇದಕ್ಕೆಂದು ೩.೯ ಟಿ.ಎಂ.ಸಿ. ನೀರನ್ನು ಹಂಚಿತು. ತುಂಬಿದ ಜಲಾಶಯದ ಹತ್ತನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚಾದ ಈ ನೀರಿಗಾಗಿ ಜನ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು.

ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಗೆ ಬರುವುದೂ ಇದೇ ಸಾಗರದ ನೀರು. ಆದುದರಿಂದ ಡೇರೆ ಕಳಚಿ ಹೊರಡುವವರು ಎಂಜಲೆಲೆ, ಸೋಪಿನ ನೊರೆ, ಪ್ಲಾಸ್ಟಿಕ್ ಚೀಲ ಯಾವುದನ್ನೂ ಅಲ್ಲಿ ಬಿಡಲಾಗದು. ಹಿಂದಿನ ದಿನ ಹುಟ್ಟು ಹಾಕಿದ ನೀರೇ ಮುಂದೊಂದು ದಿನ ಯಾರದೋ ಅಡುಗೆಮನೆಯ ಕೊಡವನ್ನು ತುಂಬುತ್ತದೆ.